ಹಕ್ ಫಿನ್ ತಲುಪದ ಊರು

ನಿಮ್ಮಲ್ಲಿ ಬಹಳಷ್ಟು ಜನ ಹೈಸ್ಕೂಲಿನಲ್ಲಿ 'ಹಕಲ್‌ಬೆರಿ ಫಿನ್' ಓದಿರುತ್ತೀರಿ. ಇಷ್ಟಪಟ್ಟು ಓದಿದಿರೋ, ಟೀಚರ್ ಬಲವಂತಕ್ಕೆ ಓದಿದಿರೋ, ಅದು ಬೇರೆ ಮಾತು. ಹಕ್ ಎಂಬ ಹುಡುಗ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡ ಜಿಮ್, ಇಬ್ಬರೂ ತೆಪ್ಪದ ಮೇಲೆ ಮಿಸ್ಸಿಸ್ಸಿಪ್ಪಿ ನದಿಯಲ್ಲಿ ತೇಲಿಕೊಂಡು ಹೋಗುತ್ತಾರಲ್ಲ, ಅವರು ಹೊರಟಿದ್ದು ಯಾವ ಊರಿಗೆ ಅಂತ ನೆನಪಿದೆಯೇ? ಕೇರೋ ಎಂಬ ಊರಿಗೆ. ಅಲ್ಲಿ ತೆಪ್ಪ ಮಾರಿ, ಸ್ಟೀಮರ್ ಹತ್ತಿ, ಒಹಾಯೋ ನದಿಯಲ್ಲಿ ಮೇಲಕ್ಕೆ ಹೋದರೆ ಗುಲಾಮಗಿರಿ ಇಲ್ಲದ ರಾಜ್ಯಗಳು ಸಿಗುತ್ತವೆ ಎಂಬುದು ಅವರ ಲೆಕ್ಕ. ಆದರೆ ಒಂದು ರಾತ್ರಿ ದಟ್ಟವಾದ ಮಂಜು ಕವಿಯುತ್ತದೆ. ಊರು ಯಾವಾಗ ಹಿಂದೆ ಸರಿಯಿತೋ ಅವರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ನೀರಿನ ಬಣ್ಣ ನೋಡಿದಾಗ ತಿಳಿಯುತ್ತದೆ, ಕೇರೋ ದಾಟಿ ಹೋಗಿದ್ದೇವೆ ಅಂತ.

ಈ ಕೇರೋ ಕಥೆಗಾಗಿ ಹುಟ್ಟಿಸಿದ ಊರಲ್ಲ, ನಿಜವಾಗಿ ಇದೆ. ಬರೆಯುವುದು ಈಜಿಪ್ಟಿನ ಕೈರೋ ಹಾಗೆಯೇ, ಆದರೆ 'ಕೈರೋ' ಎಂದರೆ ಅಲ್ಲಿಯ ಜನ ನಗುತ್ತಾರೆ. ಅಂಗಡಿಯಲ್ಲಿ ಸಿಗುವ ಕೇರೋ ಸಿರಪ್ ಹೆಸರು ಹೇಳುವ ಹಾಗೆ ಹೇಳಬೇಕು. ಇಲಿನಾಯ್ ರಾಜ್ಯದ ಕಟ್ಟಕಡೆಯ ದಕ್ಷಿಣದ ತುದಿಯಲ್ಲಿದೆ, ಷಿಕಾಗೋದಿಂದ ಸುಮಾರು 370 ಮೈಲಿ. ಭೂಪಟ ತೆಗೆದು ನೋಡಿ, ಅದು ವರ್ಜೀನಿಯಾದ ರಿಚ್ಮಂಡ್‌ಗಿಂತಲೂ ದಕ್ಷಿಣಕ್ಕಿದೆ! ಷಿಕಾಗೋದಿಂದ ಮೆಂಫಿಸ್ ಕಡೆಗೋ ನ್ಯೂ ಆರ್ಲಿಯನ್ಸ್ ಕಡೆಗೋ ಕಾರಿನಲ್ಲಿ ಹೋದವರು ಐ-57 ಹೈವೇಯ ಸೇತುವೆಯ ಮೇಲೆ ಮಿಸ್ಸಿಸ್ಸಿಪ್ಪಿ ದಾಟಿರುತ್ತೀರಿ. ಆಗ ಎಡಗಡೆ ಸ್ವಲ್ಪ ದೂರದಲ್ಲಿ ಆ ಊರು ಇರುತ್ತದೆ. ನಾವೂ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೂರು ಸಲ ಹಾಗೆಯೇ ದಾಟಿಹೋದೆವು. ಹಕ್‌ಗಾದರೂ ಮಂಜಿನ ನೆಪ ಇತ್ತು. ನಾಲ್ಕನೇ ಸಲ ಕಾರಿಗೆ ಪೆಟ್ರೋಲ್ ಬೇಕಾಯಿತು, ಅದಕ್ಕೇ ಹೈವೇ ಬಿಟ್ಟು ಇಳಿದದ್ದು.

ಇಳಿದಾಗ ಕಂಡದ್ದು ಹೇಳುತ್ತೇನೆ. ಅಗಲವಾದ ಬೀದಿಗಳು. ಎರಡು ಕಡೆ ಕಲ್ಲು, ಇಟ್ಟಿಗೆಯ ಹಳೆಯ ಗಂಭೀರ ಕಟ್ಟಡಗಳು, ಅವುಗಳ ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಜಾಗಗಳು. ಒಂದು ಕಾಲಕ್ಕೆ ಅಂಗಡಿ, ಹೋಟೆಲು, ಥಿಯೇಟರ್ ತುಂಬಿದ್ದ ಕಮರ್ಷಿಯಲ್ ಅವೆನ್ಯೂ ಎಂಬ ಬೀದಿಯಲ್ಲಿ ಹಾಡಹಗಲು ಒಬ್ಬರೂ ನಡೆಯುತ್ತಿರಲಿಲ್ಲ. 1920ರ ಜನಗಣತಿಯಲ್ಲಿ ಈ ಊರಿನಲ್ಲಿ 15,203 ಜನ ಇದ್ದರು. 2020ರಲ್ಲಿ 1,733. ನೂರು ವರ್ಷದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜನ ಇಲ್ಲವಾಗಿದ್ದಾರೆ. ಯುದ್ಧ ಬಂದು ಊರನ್ನು ಸುಡಲಿಲ್ಲ. ಸುತ್ತ ಎರಡು ಮಹಾನದಿಗಳಿದ್ದರೂ ಪ್ರವಾಹ ಬಂದು ಕೊಚ್ಚಿಕೊಂಡು ಹೋಗಲಿಲ್ಲ. ಹಾಗಾದರೆ ಏನಾಯಿತು?

ಜಾಗದ ವಿಚಾರದಿಂದಲೇ ಶುರು ಮಾಡೋಣ. ಪೂರ್ವದಿಂದ ಒಹಾಯೋ, ಉತ್ತರದಿಂದ ಮಿಸ್ಸಿಸ್ಸಿಪ್ಪಿ ಬಂದು ಇಲ್ಲಿ ಕೂಡುತ್ತವೆ. ನಮ್ಮಲ್ಲಿ ಇದಕ್ಕೆ ಸಂಗಮ ಎನ್ನುತ್ತೇವೆ. ರಜೆಯಲ್ಲಿ ಶ್ರೀರಂಗಪಟ್ಟಣಕ್ಕೋ ಕೂಡಲಸಂಗಮಕ್ಕೋ ಹೋದವರಿಗೆ ಆ ಮಾತು ಗೊತ್ತಿರುತ್ತದೆ. ಇಲ್ಲೊಂದು ತಮಾಷೆ ಇದೆ. ಕೂಡುವ ಜಾಗದಲ್ಲಿ ಸಾಮಾನ್ಯವಾಗಿ ಒಹಾಯೋ ತರುವ ನೀರೇ ಹೆಚ್ಚು, ಆದರೂ ಮುಂದಕ್ಕೆ ಹೆಸರು ಉಳಿಯುವುದು ಮಿಸ್ಸಿಸ್ಸಿಪ್ಪಿಯದು. ಎರಡು ನದಿಗಳ ನಡುವೆ ನಾಲಿಗೆಯಂತೆ ಚಾಚಿಕೊಂಡಿರುವ ತಗ್ಗಿನ ನೆಲವೇ ಕೇರೋ. ಇಡೀ ಇಲಿನಾಯ್ ರಾಜ್ಯದಲ್ಲಿ ಇದಕ್ಕಿಂತ ತಗ್ಗಾದ ನೆಲ ಇಲ್ಲ. 1803ರ ನವೆಂಬರಿನಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಪಶ್ಚಿಮದ ಕಡೆ ಹೋಗುವಾಗ ಇಲ್ಲೇ ಸುಮಾರು ಒಂದು ವಾರ ತಂಗಿ, ಅಕ್ಷಾಂಶ ರೇಖಾಂಶ ಅಳೆಯುವುದನ್ನು ಅಭ್ಯಾಸ ಮಾಡಿಕೊಂಡರು.

ರೈಲು ಇನ್ನೂ ಬಾರದಿದ್ದ ಕಾಲದಲ್ಲಿ ನದಿಯೇ ಹೈವೇ. ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಸೇಂಟ್ ಲೂಯಿಸ್, ನ್ಯೂ ಆರ್ಲಿಯನ್ಸ್, ಇವೆಲ್ಲವುಗಳ ದೋಣಿಗಳೂ ಈ ಒಂದು ಮೂಲೆಯನ್ನು ಹಾದುಹೋಗಲೇಬೇಕು. ಭೂಪಟ ನೋಡಿದ ಯಾವ ವ್ಯಾಪಾರಿಗಾದರೂ ಬಾಯಲ್ಲಿ ನೀರೂರುವ ಜಾಗ. 1818ರಲ್ಲಿ, ಇಲಿನಾಯ್ ರಾಜ್ಯವಾಗುವುದಕ್ಕೂ ಮುಂಚೆ, ಜಾನ್ ಕೊಮೆಗಿಸ್ ಎಂಬ ವ್ಯಾಪಾರಿ ಮತ್ತವನ ಜೊತೆಗಾರರು ಇಲ್ಲೊಂದು ನಗರ, ಒಂದು ಬ್ಯಾಂಕು ಮಾಡಲು ಸನ್ನದು ಪಡೆದರು. ನೈಲ್ ನದಿಯ ಮುಖಜಭೂಮಿ ನೆನಪಾಯಿತೋ ಏನೋ, ಕೈರೋ ಹೆಸರಿಟ್ಟರು. ಇವತ್ತಿಗೂ ಇಲಿನಾಯ್‌ನ ಈ ದಕ್ಷಿಣ ಭಾಗಕ್ಕೆ 'ಪುಟ್ಟ ಈಜಿಪ್ಟ್' ಎಂದೇ ಹೆಸರು. ಹತ್ತಿರದಲ್ಲೇ ಥೀಬ್ಸ್, ಕಾರ್ನಾಕ್ ಎಂಬ ಊರುಗಳೂ ಇವೆ. ಕೊಮೆಗಿಸ್ ಬೇಗ ಸತ್ತ, ಯೋಜನೆಯೂ ಅವನೊಂದಿಗೆ ಹೋಯಿತು. 1837ರಲ್ಲಿ ಡೇರಿಯಸ್ ಹಾಲ್‌ಬ್ರೂಕ್ ಎಂಬವನು ಕಂಪನಿ ಕಟ್ಟಿ ಲಂಡನ್ನಿನಲ್ಲಿ ಸಾಲ ಎತ್ತಿ ಮತ್ತೆ ಶುರು ಮಾಡಿದ. 1840ರಲ್ಲಿ ಸಾಲ ಕೊಟ್ಟ ಲಂಡನ್ನಿನ ಸಂಸ್ಥೆಯೇ ಮುಳುಗಿತು, ಕೆಲಸಗಾರರು ಗಂಟುಮೂಟೆ ಕಟ್ಟಿದರು. ಎರಡು ವರ್ಷದ ನಂತರ ಚಾರ್ಲ್ಸ್ ಡಿಕೆನ್ಸ್ ಸ್ಟೀಮರಿನಲ್ಲಿ ಈ ದಾರಿಯಲ್ಲಿ ಬಂದ. ಅರ್ಧಕ್ಕೆ ನಿಂತ ಮನೆಗಳು, ಜೌಗು, ಜ್ವರ ಇವನ್ನು ಕಂಡು ಊರನ್ನು ಎಷ್ಟು ಬೈಯಬಹುದೋ ಅಷ್ಟು ಬೈದು ಬರೆದ. ಅವನ 'ಮಾರ್ಟಿನ್ ಚಝಲ್‌ವಿಟ್' ಕಾದಂಬರಿಯಲ್ಲಿ ಬರುವ, ಕಾಗದದ ಮೇಲೆ ಮಾತ್ರ ಇರುವ ಮೋಸದ ಊರು 'ಈಡನ್'ಗೆ ಇದೇ ಮಾದರಿ ಎನ್ನುತ್ತಾರೆ.

ಊರು ನಿಜವಾಗಿ ಎದ್ದು ನಿಂತದ್ದು ರೈಲು ಬಂದ ಮೇಲೆ. 1856ರಲ್ಲಿ ಇಲಿನಾಯ್ ಸೆಂಟ್ರಲ್ ರೈಲುದಾರಿ ಪೂರ್ತಿಯಾಯಿತು. ಅದರ ದಕ್ಷಿಣದ ಕೊನೆಯ ನಿಲ್ದಾಣ ಕೇರೋ. ಈಗ ಉತ್ತರದಿಂದ ರೈಲಿನಲ್ಲಿ ಬಂದ ಸರಕು ಇಲ್ಲಿ ಇಳಿದು ಸ್ಟೀಮರ್ ಹತ್ತಬೇಕು, ದಕ್ಷಿಣದ ಹತ್ತಿ ಸ್ಟೀಮರಿನಿಂದ ಇಳಿದು ರೈಲು ಹತ್ತಬೇಕು. ಇಳಿಸಿ ಹತ್ತಿಸುವ ಈ ಕೆಲಸದ ಮೇಲೆ ಊರು ಬೆಳೆಯಿತು. ಈ 'ಇಳಿಸಿ ಹತ್ತಿಸುವುದು' ಎಂಬ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನೀರಿನ ಕಾಟ ಮಾತ್ರ ಇದ್ದೇ ಇತ್ತು. 1858ರಲ್ಲಿ ಒಡ್ಡು ಒಡೆದು ಊರೆಲ್ಲ ನೀರಾಯಿತು. ಮತ್ತೆ ಕಟ್ಟಿದರು, ಇನ್ನೂ ಎತ್ತರಕ್ಕೆ. ನಮ್ಮ ಕಡೆ ಕೆರೆಗೆ ಏರಿ ಕಟ್ಟುವುದು ನೀರು ಒಳಗಿರಲಿ ಅಂತ. ಇಲ್ಲಿ ಊರಿಗೇ ಏರಿ ಕಟ್ಟಿದ್ದಾರೆ, ನೀರು ಹೊರಗಿರಲಿ ಅಂತ. ಊರೊಳಗೆ ನಿಂತರೆ ಎರಡು ಮಹಾನದಿಗಳ ನಡುವೆ ಇದ್ದೀರೆಂಬುದು ಗೊತ್ತೇ ಆಗುವುದಿಲ್ಲ, ನೀವು ಇರುವುದು ಒಂದು ಬಟ್ಟಲಿನ ತಳದಲ್ಲಿ. ಉತ್ತರದ ಕಡೆ ರಸ್ತೆ ಊರೊಳಗೆ ಬರುವಲ್ಲಿ ರೈಲುದಾರಿಯ ಕೆಳಗೆ 1914ರಲ್ಲಿ ಮಾಡಿದ ಒಂದು ಉಕ್ಕಿನ ಬಾಗಿಲಿದೆ, ತೂಕ 80 ಟನ್. ಅದನ್ನು ಕೆಳಗಿಳಿಸಿದರೆ ಊರು ಕೋಟೆಯಂತೆ ಮುಚ್ಚಿಕೊಳ್ಳುತ್ತದೆ.

ಅಂತರ್ಯುದ್ಧ ಶುರುವಾದಾಗ ಎಲ್ಲರ ಕಣ್ಣೂ ಈ ಮೂಲೆಯ ಮೇಲೆ ಬಿತ್ತು. 1861ರ ಸೆಪ್ಟೆಂಬರಿನಲ್ಲಿ ಯುಲಿಸಿಸ್ ಗ್ರಾಂಟ್ ಇಲ್ಲಿ ತನ್ನ ಕಚೇರಿ ತೆರೆದ. ಆಗ ಅವನ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಇಲ್ಲಿಂದಲೇ ಹೊರಟು 1862ರ ಫೆಬ್ರವರಿಯಲ್ಲಿ ಫೋರ್ಟ್ ಹೆನ್ರಿ, ಫೋರ್ಟ್ ಡೊನಲ್ಸನ್ ಗೆದ್ದ, ದೇಶಕ್ಕೆಲ್ಲ ಪರಿಚಯವಾದ. ಪಕ್ಕದ ಮೌಂಡ್ ಸಿಟಿಯಲ್ಲಿ ಉಕ್ಕಿನ ಕವಚದ ಯುದ್ಧದೋಣಿಗಳನ್ನು ಕಟ್ಟಿದರು. ಅದರಲ್ಲಿ ಒಂದರ ಹೆಸರು ಈ ಊರಿನದೇ, 'ಕೇರೋ'. ಅದು 1862ರ ಡಿಸೆಂಬರಿನಲ್ಲಿ ಯಾಝೂ ನದಿಯಲ್ಲಿ ನೀರಿನೊಳಗೆ ಇಟ್ಟಿದ್ದ ಸ್ಫೋಟಕಕ್ಕೆ ಸಿಕ್ಕಿ ಹನ್ನೆರಡೇ ನಿಮಿಷದಲ್ಲಿ ಮುಳುಗಿತು, ಒಂದು ಜೀವವೂ ಹೋಗಲಿಲ್ಲ. ನೂರು ವರ್ಷ ಕೆಸರಿನಲ್ಲಿದ್ದ ಅದನ್ನು ಮೇಲೆತ್ತಿ ಈಗ ವಿಕ್ಸ್‌ಬರ್ಗ್‌ನ ಯುದ್ಧಸ್ಮಾರಕದಲ್ಲಿ ಇಟ್ಟಿದ್ದಾರೆ.

ಸೈನಿಕರಿಗಿಂತ ಮುಖ್ಯವಾದ ಇನ್ನೊಂದು ಗುಂಪು ಆಗ ಬಂತು. ಜಿಮ್ ಎಂಬವನು ಮಾರ್ಕ್ ಟ್ವೇನ್‌ನ ಕಲ್ಪನೆ. ಆದರೆ ಗುಲಾಮಗಿರಿಯಿಂದ ಬಿಡಿಸಿಕೊಂಡ ನಿಜವಾದ ಸಾವಿರಾರು ಜನ, ಗಂಡಸರು, ಹೆಂಗಸರು, ಮಕ್ಕಳು, 1862ರಿಂದ ಸ್ಟೀಮರುಗಳಲ್ಲಿ ಬಂದು ಕೇರೋದ ಶಿಬಿರದಲ್ಲಿ ಇಳಿದರು. ಇಲಿನಾಯ್ 'ಸ್ವತಂತ್ರ ರಾಜ್ಯ' ಎಂದು ಪಾಠದಲ್ಲಿ ಓದುತ್ತೀರಿ. ಆದರೆ ಇದೇ ರಾಜ್ಯ 1853ರಲ್ಲಿ ಕಪ್ಪು ಜನ ಹೊರಗಿನಿಂದ ಬಂದು ನೆಲೆಸಬಾರದು ಎಂದು ಕಾನೂನು ಮಾಡಿತ್ತು. ಅದು ರದ್ದಾದದ್ದು 1865ರಲ್ಲಿ. ಹಕ್ ಮತ್ತು ಜಿಮ್ ಅವತ್ತು ಮಂಜಿಗೆ ಸಿಗದೆ ಕೇರೋ ತಲುಪಿದ್ದರೂ ಜಿಮ್‌ಗೆ ಸುಖವಾಗಿ ಉಳಿಯಲು ಅದು ಜಾಗವಾಗಿರಲಿಲ್ಲ. ಇಷ್ಟಾದರೂ ಬಂದವರಲ್ಲಿ ಬಹಳ ಜನ ಉಳಿದುಕೊಂಡರು. ಹಡಗುಕಟ್ಟೆಯಲ್ಲಿ, ರೈಲಿನಲ್ಲಿ, ಮರದ ಕಾರ್ಖಾನೆಗಳಲ್ಲಿ ಮೈಮುರಿದು ದುಡಿದರು. ಚರ್ಚು, ಶಾಲೆ ಕಟ್ಟಿಕೊಂಡರು. 1900ರ ಹೊತ್ತಿಗೆ ಊರಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಅವರೇ. ಊರನ್ನು ಕಟ್ಟಿದವರು ಎಂದರೆ ಇವರನ್ನು ಬಿಟ್ಟು ಹೇಳುವಂತಿಲ್ಲ.

ಯುದ್ಧದ ನಂತರದ ದುಡ್ಡು ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ಹಿಟ್ಟಿನ ಗಿರಣಿಯ ಯಜಮಾನ ಕಟ್ಟಿಸಿದ ಮ್ಯಾಗ್ನೋಲಿಯಾ ಮ್ಯಾನರ್ ಎಂಬ ಮನೆ, 1872ರ ಕಸ್ಟಮ್ ಹೌಸ್ (ಸಮುದ್ರವೇ ಇಲ್ಲದ ಕಡೆ ಸುಂಕದ ಕಟ್ಟೆ, ಅಷ್ಟು ಸರಕು ಬರುತ್ತಿತ್ತು), 1884ರ ಸ್ಯಾಫರ್ಡ್ ಲೈಬ್ರರಿ. ಲೈಬ್ರರಿ ಇನ್ನೂ ಇದೆ, ಹೋದರೆ ಒಳಗೆ ಹೋಗಿ ನೋಡಿ.

1889ರಲ್ಲಿ ಇಲಿನಾಯ್ ಸೆಂಟ್ರಲ್‌ನವರು ಒಹಾಯೋಗೆ ರೈಲು ಸೇತುವೆ ಕಟ್ಟಿ ಮುಗಿಸಿದರು. ಆ ಕಾಲದ ಅತಿ ಉದ್ದದ ಲೋಹದ ಸೇತುವೆಗಳಲ್ಲಿ ಒಂದು. ಊರೆಲ್ಲ ಸಂಭ್ರಮ. ಈಗ ನಾನು ನೆನಪಿಡಿ ಎಂದ ಮಾತಿಗೆ ಬರುತ್ತೇನೆ. ಸೇತುವೆ ಆದಮೇಲೆ ಸರಕನ್ನು ಇಲ್ಲಿ ಇಳಿಸಿ ಹತ್ತಿಸುವ ಅಗತ್ಯ ಏನಿದೆ? ರೈಲು ನೇರವಾಗಿ ದಾಟಿ ಹೋಗುತ್ತದೆ. 1929ರಲ್ಲಿ ಮಿಸ್ಸಿಸ್ಸಿಪ್ಪಿಗೆ, 1938ರಲ್ಲಿ ಒಹಾಯೋಗೆ ವಾಹನಗಳ ಸೇತುವೆ ಬಂದವು. 1978ರಲ್ಲಿ ಐ-57ರ ಸೇತುವೆ, ಅದಂತೂ ಊರಿನ ಹೊರಗೇ. ಒಂದೊಂದು ಸೇತುವೆಯೂ ಊರನ್ನು ಇನ್ನಷ್ಟು ಸುಲಭವಾಗಿ ದಾಟಿಹೋಗುವಂತೆ ಮಾಡಿತು.

ಕೇರೋ ಯಾಕೆ ಬರಿದಾಯಿತು ಎಂದರೆ ಬಹಳ ಜನ ಈ ಸೇತುವೆಗಳ ಕಥೆ ಹೇಳಿ ನಿಲ್ಲಿಸುತ್ತಾರೆ. ಸುಳ್ಳಲ್ಲ. ಆದರೆ ಸ್ಟೀಮರ್ ಕಾಲ ಮುಗಿದ ಮೇಲೂ ಬದುಕಿದ ನದಿಯೂರುಗಳು ಬೇಕಾದಷ್ಟಿವೆ. ಇದೇ ಒಹಾಯೋ ಮೇಲೆ ಸ್ವಲ್ಪ ಪೂರ್ವಕ್ಕಿರುವ ಪಡೂಕ, ಮಿಸ್ಸಿಸ್ಸಿಪ್ಪಿ ಮೇಲೆ ಉತ್ತರಕ್ಕಿರುವ ಕೇಪ್ ಜಿರಾರ್ಡೋ, ಎರಡೂ ಚೆನ್ನಾಗಿಯೇ ಇವೆ. ಇನ್ನುಳಿದ ಕಾರಣ ಊರೊಳಗೇ ಇದೆ ಎಂದು ನನಗೆ ಅನಿಸುತ್ತದೆ.

1909ರ ನವೆಂಬರ್. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಬಿಳಿಯ ಯುವತಿಯ ಕೊಲೆಯಾಯಿತು. ವಿಲಿಯಂ ಜೇಮ್ಸ್ ಎಂಬ ಕಪ್ಪು ಕೆಲಸಗಾರನನ್ನು ಹಿಡಿದರು. ವಿಚಾರಣೆ ನಡೆಯಲೇ ಇಲ್ಲ. ಷೆರಿಫ್ ಕೈಯಿಂದ ಅವನನ್ನು ಕಿತ್ತುಕೊಂಡ ಗುಂಪು, ಸಾವಿರಾರು ಜನ ನೋಡುತ್ತಿರುವಂತೆ, ಕಮರ್ಷಿಯಲ್ ಅವೆನ್ಯೂದ ದೀಪಾಲಂಕಾರದ ಕಮಾನಿನ ಕೆಳಗೆ ಕೊಂದಿತು. ವಿವರ ನಾನು ಹೇಳುವುದಿಲ್ಲ. ಅವತ್ತಿನ ಚಿತ್ರಗಳು ಪೋಸ್ಟ್‌ಕಾರ್ಡ್ ಆಗಿ ಮಾರಾಟವಾದವು ಎಂದರೆ ಸಾಕು. ಅದೇ ರಾತ್ರಿ ಜೈಲಿನಲ್ಲಿದ್ದ ಒಬ್ಬ ಬಿಳಿಯನನ್ನೂ ಗುಂಪು ಎಳೆದು ಕೊಂದಿತು. ದೊಂಬಿಗೆ ರುಚಿ ಹತ್ತಿದ ಮೇಲೆ ಅದು ಯಾರ ಹತ್ತಿರವೂ ನಿಲ್ಲುವುದಿಲ್ಲ.

ಇಲಿನಾಯ್‌ನಲ್ಲಿ ಆಗ 1905ರ ಒಂದು ಕಾನೂನಿತ್ತು. ಕೈದಿಯನ್ನು ಗುಂಪಿಗೆ ಬಿಟ್ಟುಕೊಟ್ಟರೆ ಷೆರಿಫ್ ಕೆಲಸ ಹೋಗುತ್ತದೆ. ಕೆಲಸ ಹೋಯಿತು, ಆದರೆ ವಾಪಸು ಕೊಡಿ ಎಂದು ಷೆರಿಫ್ ಅರ್ಜಿ ಹಾಕಿದ. ಅದನ್ನು ತಡೆಯಲು ಷಿಕಾಗೋದಿಂದ ಐಡಾ ಬಿ. ವೆಲ್ಸ್ ಹೊರಟಳು. ಪತ್ರಕರ್ತೆ, ಮಕ್ಕಳ ತಾಯಿ, ಇಂಥ ಗುಂಪುಕೊಲೆಗಳ ಬಗ್ಗೆ ವರ್ಷಗಟ್ಟಲೆ ಬರೆದು ದಣಿದವಳು. ಮೊದಲು ಆಕೆ ಹೋಗಲು ಒಪ್ಪಿರಲಿಲ್ಲ. ನೀನು ಹೋಗದಿದ್ದರೆ ಇನ್ನಾರೂ ಹೋಗುವುದಿಲ್ಲ ಎಂದು ಒಪ್ಪಿಸಿದ್ದು ಅವಳ ಹಿರಿಯ ಮಗ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಕೇರೋಗೆ ಹೋಗಿ ಸಾಕ್ಷಿ, ಸಹಿ ಸಂಗ್ರಹಿಸಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಗವರ್ನರ್ ಚಾರ್ಲ್ಸ್ ಡೆನೀನ್ ಮುಂದೆ ವಾದಿಸಿದಳು. ಆಕೆ ವಕೀಲೆಯೂ ಅಲ್ಲ. ಷೆರಿಫ್‌ಗೆ ಕೆಲಸ ವಾಪಸು ಸಿಗಲಿಲ್ಲ.

ಈಗ ಐವತ್ತು ವರ್ಷ ಮುಂದಕ್ಕೆ ಬನ್ನಿ. 1962ರ ಬೇಸಿಗೆ. ದಕ್ಷಿಣ ಇಲಿನಾಯ್‌ನ ಸೆಕೆ ನಿಮಗೆ ಗೊತ್ತಿಲ್ಲದಿದ್ದರೆ ಮಂಗಳೂರಿನ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಊರಿನಲ್ಲಿ ಒಂದು ಈಜುಕೊಳ ಇತ್ತು. ಕಪ್ಪು ಮಕ್ಕಳಿಗೆ ಪ್ರವೇಶವಿಲ್ಲ. ಕೇಳಿದರೆ ಇದು ಖಾಸಗಿ ಕ್ಲಬ್ಬು, ಸದಸ್ಯರಿಗೆ ಮಾತ್ರ ಎಂಬ ಉತ್ತರ. ಆ ಮಕ್ಕಳು ಈಜಲು ನದಿಗೆ ಹೋಗಬೇಕಿತ್ತು. ಎರಡು ಮಹಾನದಿಗಳು ಕೂಡುವ ಕಡೆಯ ಸೆಳೆತ ಎಂಥದು ಅಂತ ಊಹಿಸಿ. ಮಕ್ಕಳು ಮುಳುಗಿ ಸತ್ತರು.

ಆ ಬೇಸಿಗೆ ಊರಿನ ಹೈಸ್ಕೂಲ್ ಹುಡುಗ ಹುಡುಗಿಯರು ಎದ್ದು ನಿಂತರು. ಅವರ ಮುಂದಾಳುಗಳಲ್ಲಿ ಚಾರ್ಲ್ಸ್ ಕೋಯೆನ್ ಎಂಬ ಹುಡುಗ ಒಬ್ಬ, ನಿಮ್ಮ ವಯಸ್ಸಿನವನೇ. ದಕ್ಷಿಣದಲ್ಲಿ ಚಳವಳಿ ಮಾಡುತ್ತಿದ್ದ ವಿದ್ಯಾರ್ಥಿ ಸಂಘಟನೆಯಿಂದ ಜಾನ್ ಲೂಯಿಸ್ ಬಂದ, ಆಗ ಅವನಿಗೆ 22. ಈಜುಕೊಳದ ಹೊರಗೆ ಅವನು ಮತ್ತು ಇನ್ನಿಬ್ಬರು ನೆಲದ ಮೇಲೆ ಮಂಡಿಯೂರಿ ತಲೆತಗ್ಗಿಸಿ ಪ್ರಾರ್ಥಿಸುತ್ತಿರುವ ಚಿತ್ರವನ್ನು ಡ್ಯಾನಿ ಲಯನ್ ಎಂಬ ಫೋಟೋಗ್ರಾಫರ್ ತೆಗೆದ. ಆ ಚಿತ್ರ ಮುಂದೆ ಚಳವಳಿಯ ಪೋಸ್ಟರ್ ಆಗಿ ದೇಶವೆಲ್ಲ ತಿರುಗಿತು. ನೀವು ನೋಡಿರಲೂಬಹುದು, ಅಲಬಾಮಾದ್ದೋ ಮಿಸ್ಸಿಸ್ಸಿಪ್ಪಿಯದ್ದೋ ಎಂದುಕೊಂಡಿರುತ್ತೀರಿ. ಅದು ಇಲಿನಾಯ್, ಲಿಂಕನ್‌ನ ರಾಜ್ಯ.

ಊರಿನವರು ಏನು ಮಾಡಿದರು? 1963ರಲ್ಲಿ ಈಜುಕೊಳವನ್ನೇ ಮುಚ್ಚಿದರು. ಆಮೇಲೆ ಅದಕ್ಕೆ ಸಿಮೆಂಟ್ ತುಂಬಿದರು. ಎಲ್ಲ ಮಕ್ಕಳೂ ಒಟ್ಟಿಗೆ ಈಜುವುದಕ್ಕಿಂತ ತಮ್ಮ ಮಕ್ಕಳೂ ಈಜದಿದ್ದರೆ ಪರವಾಗಿಲ್ಲ ಎಂದುಕೊಂಡರು.

ಇದನ್ನು ಮೊದಲ ಸಲ ತಿಳಿದಾಗ ನನಗೆ ನೆನಪಾದದ್ದು ಅಮೆರಿಕ ಅಲ್ಲ. ನಮ್ಮ ತಾತನ ಊರಿನಲ್ಲಿ ಎರಡು ಬಾವಿ ಇದ್ದವು. ನಾವು ಸೇದುತ್ತಿದ್ದ ಬಾವಿಗೆ ಕೇರಿಯ ಕಡೆಯವರು ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಅವರ ಬಾವಿ ಬತ್ತಿದಾಗ ಕೊಡ ಇಟ್ಟುಕೊಂಡು ದೂರ ನಿಲ್ಲುತ್ತಿದ್ದರು, ಯಾರಾದರೂ ಮನಸ್ಸು ಬಂದವರು ಸೇದಿ ಹುಯ್ಯಬೇಕು. ರಜೆಗೆ ಹೋಗಿದ್ದ ನಾನೂ ಆಟಕ್ಕೆಂದು ಸೇದಿ ಹುಯ್ದಿದ್ದೇನೆ. ಯಾಕೆ ಅವರೇ ಸೇದಬಾರದು ಎಂದು ಒಂದು ದಿನವೂ ಕೇಳಲಿಲ್ಲ. ಇದನ್ನು ನನ್ನ ಮಕ್ಕಳಿಗೆ ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಅಮೆರಿಕದವರ ತಪ್ಪುಗಳನ್ನು ಊಟದ ಮೇಜಿನ ಮೇಲೆ ಮಾತಾಡುವುದು ನಮಗೆ ಸುಲಭ.

ಇನ್ನೊಂದು ನಂಟೂ ಇದೆ. 1946ರ ಕಾನೂನಿನ ಪ್ರಕಾರ ಭಾರತದಿಂದ ವರ್ಷಕ್ಕೆ ಸುಮಾರು 100 ಜನಕ್ಕೆ ಮಾತ್ರ ಇಲ್ಲಿ ಬಂದು ನೆಲೆಸಲು ಅವಕಾಶ ಇತ್ತು. ಹುಟ್ಟಿದ ದೇಶ ನೋಡಿ ಬಾಗಿಲು ಹಾಕುವ ಆ ಪದ್ಧತಿಯನ್ನು ತೆಗೆದ ವಲಸೆ ಕಾನೂನು ಬಂದದ್ದು 1965ರಲ್ಲಿ, 1964ರ ನಾಗರಿಕ ಹಕ್ಕುಗಳ ಕಾನೂನಿನ ಬೆನ್ನಿಗೇ, ಅದೇ ಚಳವಳಿ ಎಬ್ಬಿಸಿದ ಗಾಳಿಯಲ್ಲಿ. ನಿಮ್ಮ ಮನೆಯವರು ಯಾವ ವರ್ಷ, ಯಾವ ವೀಸಾದಲ್ಲಿ ಬಂದಿರಲಿ, ಆ ಬಾಗಿಲು ತೆರೆದುಕೊಳ್ಳಲು ಮಂಡಿಯೂರಿದವರಲ್ಲಿ ಕೇರೋದ ಮಕ್ಕಳೂ ಇದ್ದರು.

ಮುಂದಿನದು ಇನ್ನೂ ಕಹಿ. 1967ರ ಜುಲೈಯಲ್ಲಿ ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪು ಸೈನಿಕ ಊರಿನ ಪೊಲೀಸ್ ಠಾಣೆಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸತ್ತ. ಪೊಲೀಸರು ಆತ್ಮಹತ್ಯೆ ಎಂದರು, ಕಪ್ಪು ಜನ ನಂಬಲಿಲ್ಲ. ಬೆಂಕಿ, ಗಲಭೆ, ನ್ಯಾಷನಲ್ ಗಾರ್ಡ್. ಬಿಳಿಯರು 'ಬಿಳಿ ಟೋಪಿ'ಗಳೆಂಬ ಕಾವಲು ಪಡೆ ಕಟ್ಟಿಕೊಂಡು ಬೀದಿ ತಿರುಗಿದರು. ಕಪ್ಪು ಕುಟುಂಬಗಳು ವಾಸವಿದ್ದ ಪಿರಮಿಡ್ ಕೋರ್ಟ್ಸ್ ಎಂಬ ಸರ್ಕಾರಿ ವಸತಿಯ ಮೇಲೆ ರಾತ್ರಿ ಹೊತ್ತು ಗುಂಡು ಹಾರುತ್ತಿತ್ತು. ಮಕ್ಕಳು ಬಾತ್‌ಟಬ್ಬಿನಲ್ಲಿ, ನೆಲದ ಮೇಲೆ ಮಲಗುತ್ತಿದ್ದರು.

1969ರ ವಸಂತದಲ್ಲಿ, ಈಗ ಪಾದ್ರಿಯಾಗಿದ್ದ ಅದೇ ಚಾರ್ಲ್ಸ್ ಕೋಯೆನ್ ಮುಂದಾಳತ್ವದಲ್ಲಿ 'ಯುನೈಟೆಡ್ ಫ್ರಂಟ್' ಹುಟ್ಟಿತು. ಅವರು ಕೇಳಿದ್ದು ದೊಡ್ಡದೇನಲ್ಲ. ನಾವು ದುಡ್ಡು ಕೊಟ್ಟು ಸಾಮಾನು ಕೊಳ್ಳುವ ಅಂಗಡಿಯಲ್ಲಿ ನಮ್ಮವರಿಗೂ ಗಲ್ಲಾದ ಹಿಂದೆ ನಿಲ್ಲುವ ಕೆಲಸ ಕೊಡಿ. ಕೊಡುವವರೆಗೆ ಕೊಳ್ಳುವುದಿಲ್ಲ. ಊರಿನ ಗಿರಾಕಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಅಂಗಡಿಗೆ ಬರುವುದು ನಿಂತಿತು. ಪ್ರತಿ ಶನಿವಾರ ಮೆರವಣಿಗೆ. ಒಂದು ತಿಂಗಳಲ್ಲ, ವರ್ಷಗಳ ಕಾಲ. ಯಾವ ವ್ಯಾಪಾರಿಯಾದರೂ ಲೆಕ್ಕ ಹಾಕಿ ಒಬ್ಬಿಬ್ಬರಿಗೆ ಕೆಲಸ ಕೊಡುತ್ತಾನೆ ಅಂದುಕೊಳ್ಳುತ್ತೇವಲ್ಲವೇ? ಇಲ್ಲಿ ಒಂದಾದ ಮೇಲೆ ಒಂದು ಅಂಗಡಿ ಬಾಗಿಲು ಹಾಕಿತು, ಕೆಲಸ ಮಾತ್ರ ಕೊಡಲಿಲ್ಲ. ಈಜುಕೊಳಕ್ಕೆ ಸುರಿದ ಸಿಮೆಂಟನ್ನೇ ಈ ಸಲ ಇಡೀ ಕಮರ್ಷಿಯಲ್ ಅವೆನ್ಯೂಗೆ ಸುರಿದ ಹಾಗಾಯಿತು. 1972ರಲ್ಲಿ ಕೇಂದ್ರ ಸರ್ಕಾರದ ನಾಗರಿಕ ಹಕ್ಕುಗಳ ಆಯೋಗವೇ ಊರಿಗೆ ಬಂದು ವಿಚಾರಣೆ ನಡೆಸಿತು, ಮರುವರ್ಷ ವರದಿ ಬರೆಯಿತು. ಅಷ್ಟರಲ್ಲಿ ಬಿಳಿಯರಲ್ಲಿ ಅನುಕೂಲಸ್ಥರು ಗಾಡಿ ಕಟ್ಟಿದ್ದರು, ಕೆಲಸ ಹುಡುಕಿಕೊಂಡು ಕಪ್ಪು ಯುವಕರೂ ಹೊರಟಿದ್ದರು. 1986ರಲ್ಲಿ ಆಸ್ಪತ್ರೆ ಮುಚ್ಚಿತು.

ನದಿ ಮರೆಯಲಿಲ್ಲ. 1927ರ ಮಹಾಪ್ರವಾಹದ ನಂತರ ಒಂದು ಏರ್ಪಾಡು ಮಾಡಿದ್ದರು. ಕೇರೋದಲ್ಲಿ ನೀರು ಮಿತಿ ಮೀರಿದರೆ, ಮಿಸ್ಸಿಸ್ಸಿಪ್ಪಿಯ ಆಚೆ ದಡದಲ್ಲಿ ಮಿಸ್ಸೂರಿ ರಾಜ್ಯದ ಬರ್ಡ್ಸ್ ಪಾಯಿಂಟ್ ಎಂಬಲ್ಲಿ ಒಡ್ಡನ್ನು ಬೇಕೆಂದೇ ಒಡೆದು ಹೊಲಗಳಿಗೆ ನೀರು ಬಿಡುವುದು. 1937ರ ಜನವರಿಯಲ್ಲಿ ಡೈನಮೈಟ್ ಇಟ್ಟು ಹಾಗೇ ಮಾಡಿದರು. ಆಮೇಲೆ 74 ವರ್ಷ ಬೇಕಾಗಲಿಲ್ಲ. 2011ರ ಏಪ್ರಿಲ್ ಕೊನೆಯಲ್ಲಿ ನೀರು ಮತ್ತೆ ಏರಿತು. ಊರು ಖಾಲಿ ಮಾಡಿಸಿದರು. ಉಕ್ಕಿನ ಬಾಗಿಲು ಇಳಿಯಿತು. ಒಡ್ಡು ಒಡೆಯಬೇಡಿ ಎಂದು ಮಿಸ್ಸೂರಿ ರಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಸತ್ತಂತಿರುವ, ಅದೂ ಹೆಚ್ಚಾಗಿ ಬಡ ಕಪ್ಪು ಜನರಿರುವ ಊರಿಗಾಗಿ ಇಷ್ಟೊಂದು ಬೆಳೆಯ ನೆಲ ಮುಳುಗಿಸಬೇಕೇ ಎಂದು ಕೆಲವರು ಬಾಯಿಬಿಟ್ಟೇ ಕೇಳಿದರು. ಮೇ 2ರ ರಾತ್ರಿ, ನೀರಿನ ಮಟ್ಟ 61.72 ಅಡಿ ಮುಟ್ಟಿದ ದಿನ, ಸೇನೆಯ ಎಂಜಿನಿಯರುಗಳ ಮೇಜರ್ ಜನರಲ್ ಮೈಕೆಲ್ ವಾಲ್ಶ್ ಆದೇಶ ಕೊಟ್ಟರು. ಗೋಡೆ ತಡೆಯುವುದು 64 ಅಡಿವರೆಗೆ. ಒಡ್ಡು ಸಿಡಿಯಿತು, 1,30,000 ಎಕರೆ ನೀರಿನಡಿ ಹೋಯಿತು, ಕೇರೋ ಉಳಿಯಿತು.

ಅಲ್ಲೊಂದು ಹಳ್ಳಿ ಇತ್ತು, ಪಿನ್‌ಹುಕ್. ಬೇರೆ ಕಡೆ ಭೂಮಿ ಕೊಳ್ಳಲು ಬಿಡದಿದ್ದ ಕಾಲದಲ್ಲಿ ಕಪ್ಪು ರೈತರು ಈ ತಗ್ಗು ನೆಲ ಕೊಂಡು, ಕಾಡು ಕಡಿದು, ಹಳ್ಳಿ ಮಾಡಿಕೊಂಡಿದ್ದರು. ಕೇರೋ ಉಳಿಸಲು ಬಿಟ್ಟ ನೀರಿನಲ್ಲಿ ಪಿನ್‌ಹುಕ್ ಮುಳುಗಿತು, ಅಲ್ಲಿ ಮತ್ತೆ ಏಳಲಿಲ್ಲ. ನಾನು ಇದನ್ನು ಎಷ್ಟು ಸಲ ಯೋಚಿಸಿದರೂ ನ್ಯಾಯದ ತಕ್ಕಡಿ ಸಮವಾಗುವುದಿಲ್ಲ. ಒಡ್ಡು ಒಡೆದದ್ದು ಸರಿ ಎಂದೇ ನನಗೆ ಅನಿಸುತ್ತದೆ. ಆದರೆ ಆ ಹಳ್ಳಿಯವರು ನಷ್ಟ ತುಂಬಿಕೊಡಿ ಎಂದು ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆದದ್ದು ಸರಿಯಲ್ಲ.

ಪ್ರವಾಹದಿಂದ ಉಳಿದ ಊರಿಗೆ 2017ರಲ್ಲಿ ಇನ್ನೊಂದು ಏಟು. ದಶಕಗಳ ನಿರ್ಲಕ್ಷ್ಯದಿಂದ ಹಾಳಾಗಿದ್ದ ಎಲ್ಮ್‌ವುಡ್, ಮೆಕ್‌ಬ್ರೈಡ್ ಎಂಬ ಎರಡು ಸರ್ಕಾರಿ ವಸತಿಗಳನ್ನು ಕೆಡವುತ್ತೇವೆ ಎಂದು ಕೇಂದ್ರದ ವಸತಿ ಇಲಾಖೆ ಹೇಳಿತು. ಸುಮಾರು 400 ಜನ, ಅದರಲ್ಲಿ ಬಹಳಷ್ಟು ಮಕ್ಕಳು. ಬೇರೆ ಮನೆ ಹಿಡಿಯಲು ವೋಚರ್ ಕೊಟ್ಟರು. ಆದರೆ ಊರಿನಲ್ಲಿ ಬಾಡಿಗೆಗೆ ಮನೆಯೇ ಇಲ್ಲ. ವೋಚರ್ ಹಿಡಿದುಕೊಂಡು ಬೇರೆ ಊರಿಗೆ ಹೋಗಬೇಕಾಯಿತು.

ಹಾಗಂತ ಉಳಿದವರು ಕೈಕಟ್ಟಿ ಕೂತಿಲ್ಲ. ವರ್ಷಗಟ್ಟಲೆ ಒಂದು ದಿನಸಿ ಅಂಗಡಿಯೂ ಇರಲಿಲ್ಲ. ಹಾಲು, ತರಕಾರಿಗೆ ನದಿ ದಾಟಿ ಬೇರೆ ರಾಜ್ಯಕ್ಕೆ ಹೋಗಬೇಕು. 2023ರಲ್ಲಿ ಊರಿನವರೇ ಸಹಕಾರಿ ಅಂಗಡಿ ತೆರೆದರು. ಇಷ್ಟು ಸಣ್ಣ ಊರಿನಲ್ಲಿ ಅದನ್ನು ನಡೆಸುವುದು ಸುಲಭದ ಕೆಲಸವಾಗಿಲ್ಲ. ನದಿಯ ಮೇಲೆ ಹೊಸ ಬಂದರು ಕಟ್ಟಬೇಕೆಂಬ ಯೋಜನೆಗೆ ರಾಜ್ಯ ಸರ್ಕಾರ 2020ರಲ್ಲಿ 4 ಕೋಟಿ ಡಾಲರ್ ಘೋಷಿಸಿತು. ಇನ್ನೂರು ವರ್ಷದ ಹಿಂದೆ ಕೊಮೆಗಿಸ್ ಕಂಡ ಅದೇ ಭೂಪಟ, ಅದೇ ಎರಡು ನದಿ. ದೋಣಿಗಳು ಈಗಲೂ ಆ ಮೂಲೆಯನ್ನು ಹಾದೇ ಹೋಗುತ್ತವೆ, ಸ್ಟೀಮರ್ ಬದಲು ಧಾನ್ಯ ತುಂಬಿದ ಬಾರ್ಜ್‌ಗಳು, ಅಷ್ಟೇ.

ಈ ಬೇಸಿಗೆ ಆ ಕಡೆ ಹೋಗುವವರಿದ್ದರೆ ಇಲಿನಾಯ್ ಬದಿಯ ಕೊನೆಯ ಎಕ್ಸಿಟ್‌ನಲ್ಲಿ ಇಳಿಯಿರಿ. ಊರಿನ ಉದ್ದಕ್ಕೂ ನಿಧಾನವಾಗಿ ಹೋಗಿ, ಪೆಟ್ರೋಲೋ ತಿಂಡಿಯೋ ಅಲ್ಲೇ ಕೊಳ್ಳಿ. ಕೊನೆಯಲ್ಲಿ ಫೋರ್ಟ್ ಡಿಫೈಯನ್ಸ್ ಎಂಬ ಪಾರ್ಕ್ ಬರುತ್ತದೆ, ಗ್ರಾಂಟ್‌ನ ತೋಪುಗಳಿದ್ದ ಜಾಗ. ಅದರಾಚೆ ನೆಲ ಇಲ್ಲ. ನಾವು ಹೋದ ದಿನ ಒಬ್ಬರು ವಯಸ್ಸಾದ ಕಪ್ಪು ಹೆಂಗಸು ಮೊಮ್ಮಗನ ಜೊತೆ ಗಾಳ ಹಾಕಿ ಕೂತಿದ್ದರು. ನನ್ನ ಮಗಳು, ಇದರಲ್ಲಿ ಯಾವುದು ಒಹಾಯೋ ಅಂತ ಕೇಳಿದಳು. ಆಕೆ ಗಾಳದ ಕೋಲಿನಿಂದಲೇ ತೋರಿಸಿದರು. ಎಡಕ್ಕೆ ಹಸಿರು ಛಾಯೆಯ ನೀರು, ಬಲಕ್ಕೆ ಟೀ ಬಣ್ಣದ್ದು. ಎರಡರ ನಡುವೆ ಗೆರೆ ಎಳೆದ ಹಾಗೆ, ಬಹಳ ದೂರದವರೆಗೆ ಪಕ್ಕಪಕ್ಕದಲ್ಲೇ ಹರಿಯುತ್ತವೆ.